ಒಂದೊಂದೇ ಮಣೆ

ನಡುಮನೆಯ ಕಂಬದ ಪಕ್ಕದಲ್ಲಿ ಹಲಸಿನ ಮರದ ಊಟದ ಮಣೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ತೊಡೆಯ ಎತ್ತರಕ್ಕೆ ಬರುತ್ತಿತ್ತು ಆ ಪೇರಿಕೆ. ಒತ್ತಬಾರದೆಂದು ಅಮ್ಮ ಮೇಲೊಂದು ಹಳೆಯ ಸೀರೆಯನ್ನು ಮಡಿಸಿ ಹಾಕಿದ್ದಳು. ಆ ವರ್ಷವೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದ ನೆಂಟರು ಬರಿಯ ನೆಲದ ಮೇಲೆ ಕೂತು ಉಂಡು ಹೋದರು. ಮಣೆ ಯಾಕೆ ಹಾಕಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕಂಬದ ಕಡೆಗೊಮ್ಮೆ, ನನ್ನ ಕಾಲಿನ ಕಡೆಗೊಮ್ಮೆ ನೋಡಿ ಸುಮ್ಮನೆ ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದರು. ಆ ನೋಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಿದ್ದದ್ದು ಹಿತ್ತಲಿನ ಬಾವಿಕಟ್ಟೆಯ ಹತ್ತಿರ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ, ತುಂಬಿದ ಕೊಡದ ಸಮೇತ ಮಂಡಿಯ ಮೇಲೆ ಬಿದ್ದೆ. ಬಲಗಾಲಿನ ಚಿಪ್ಪು ಒಡೆಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಕೆಲವು ತಿಂಗಳ ಮೇಲೆ ಬಿಚ್ಚಿದಾಗ ಒಳಗಿನಿಂದ ಬಂದ ಕಾಲು ನನ್ನದೆಂದು ನಂಬಲಾಗಲಿಲ್ಲ. ಒನಕೆಯ ಹಾಗೆ ನೆಟ್ಟಗಿತ್ತು, ಮಡಚು ಎಂದರೆ ಮಡಚುತ್ತಿರಲಿಲ್ಲ. ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು: ಮೂಳೆ ಕೂಡಿದೆ, ಕೀಲು ಬಿಗಿದುಕೊಂಡಿದೆ, ದಿನವೂ ಬಲವಂತವಾಗಿ ಬಗ್ಗಿಸುತ್ತಾ ಹೋದರೆ ಒಂದು ವರ್ಷದ ಹೊತ್ತಿಗೆ ಸಡಿಲವಾದರೂ ಆಗಬಹುದು, ಆಗದೆಯೂ ಇರಬಹುದು. ಖಂಡಿತ ಆಗುತ್ತದೆಯೇ ಎಂದು ಅಪ್ಪ ಮತ್ತೆ ಕೇಳಿದ್ದಕ್ಕೆ ಡಾಕ್ಟರು ಬೆರಳನ್ನು ಮೇಲಕ್ಕೆ ತೋರಿಸಿದರು. ಅಪ್ಪ ತಲೆ ಎತ್ತಿ ನೋಡಿದ. ಅಲ್ಲಿ ಫ್ಯಾನು ತಿರುಗುತ್ತಿತ್ತು.

ನನಗಾಗ ಮದುವೆಯ ವಯಸ್ಸು. ಗಂಡನ್ನು ಹುಡುಕುವ ಕಷ್ಟವೂ ಇರಲಿಲ್ಲ. ಅಪ್ಪನ ಅಕ್ಕ ಕನಕತ್ತೆಯ ಮಗ ಸೇತು ಭಾವನಿಗೆ ನಾನು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅತ್ತೆಯ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಸೇತು ಭಾವ ಹಬ್ಬಕ್ಕೆ ಬಂದರೆ ಎಲ್ಲರೂ ನನ್ನನ್ನು ರೇಗಿಸುವವರು, ನಾನು ಒಳಗೆ ಹೋಗಿ ಕಿಟಕಿಯಿಂದ ನೋಡುವವಳು. ಅವನು ನಕ್ಕರೆ ಕೆನ್ನೆಯಲ್ಲಿ ಒಂದೇ ಕಡೆ ಗುಳಿ ಬೀಳುತ್ತಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ. ಇದನ್ನು ಹೇಳಿಕೊಳ್ಳಲು ಈಗ ನನಗೇನೂ ನಾಚಿಕೆಯಿಲ್ಲ.

ಕಾಲಿನ ಕೆಲಸಕ್ಕೆ ಆಸ್ಪತ್ರೆಯಿಂದ ಬರುತ್ತಿದ್ದವರು ಸಾಲೋಮಿ ಮೇಡಂ. ಎತ್ತರದ ಆಳು, ಗಂಟಿಕ್ಕಿದ ಹುಬ್ಬು, ಒಗೆದು ಗಂಜಿ ಹಾಕಿದ ಬಿಳಿ ಸೀರೆ. ಮಣೆ ಪೇರಿಸುವ ಉಪಾಯ ಅವರದೇ. ನಾನು ಪೇರಿಕೆಯ ಮೇಲೆ ಕೂರಬೇಕು, ಹಿಮ್ಮಡಿಯನ್ನು ಪೇರಿಕೆಯ ಬುಡಕ್ಕೆ ತಾಗಿಸಬೇಕು. ತಾಗಿದರೆ ಮೇಲಿನ ಒಂದು ಮಣೆಯನ್ನು ತೆಗೆಯುವುದು. ಆಸನ ತಗ್ಗಿದಷ್ಟೂ ಮಂಡಿ ಹೆಚ್ಚು ಬಗ್ಗಲೇಬೇಕು. ಹೀಗೆ ಒಂದೊಂದೇ ಮಣೆ ಕಡಿಮೆಯಾಗುತ್ತಾ ಕೊನೆಗೆ ನಾನು ನೆಲ ಮುಟ್ಟಬೇಕು. ಕೇಳುವುದಕ್ಕೆ ಮಕ್ಕಳ ಆಟ. ಮೇಡಂ ಎದುರಿಗೆ ಕೂತು ಎರಡೂ ಕೈಯಿಂದ ಮೊಣಕಾಲಿನ ಕೆಳಗೆ ಹಿಡಿದು ಹಿಂದಕ್ಕೆ ಒತ್ತಿದರೆ ಒಳಗೆ ಏನೋ ಕಿತ್ತು ಬಂದಂತಾಗಿ ನಾನು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದೆ.

ಅಮ್ಮ ಇದಕ್ಕೊಂದು ದಾರಿ ಕಂಡುಕೊಂಡಳು. ಮೇಡಂ ಬರುವ ಹೊತ್ತಿಗೆ ಸರಿಯಾಗಿ ಒರಳುಕಲ್ಲಿನ ಮುಂದೆ ಕೂತು ಹಿಟ್ಟು ರುಬ್ಬಲು ಶುರುಮಾಡುವಳು. ನನ್ನ ದನಿ ಏರಿದಂತೆ ಅವಳ ಗುಂಡುಕಲ್ಲಿನ ಓಟವೂ ಏರುತ್ತಿತ್ತು. ನೆರೆಯವರಿಗೆ ಮಗಳ ಗೋಳು ಕೇಳಬಾರದು ಎಂಬುದಷ್ಟೇ ಅವಳ ಆಸೆ. ಆ ವರ್ಷ ನಾವು ತಿಂದಷ್ಟು ದೋಸೆಯನ್ನು ಹೋಟೆಲಿನವರೂ ತಿಂದಿರಲಾರರು. ಈಗಲೂ ಯಾರಾದರೂ ದೋಸೆ ಮುಂದಿಟ್ಟರೆ ನನ್ನ ಬಲ ಮಂಡಿ ಜುಮ್ಮೆನ್ನುತ್ತದೆ.

ಮೊದಲ ಕೆಲವು ವಾರ ನಾನು ಚೆನ್ನಾಗಿ ಮೋಸ ಮಾಡಿದೆ. ಮೇಡಂ ಹೋದ ಮೇಲೆ ಸಂಜೆಯೂ ಒಮ್ಮೆ ನಾನೇ ಕೂತು ಒತ್ತಿಕೊಳ್ಳಬೇಕಿತ್ತು. ಕೂರುತ್ತಲೇ ಇರಲಿಲ್ಲ. ಕೇಳಿದರೆ, ಕೂತಿದ್ದೆ ಅನ್ನುತ್ತಿದ್ದೆ. ಅವರು ಒಮ್ಮೆ ಒತ್ತಿ ನೋಡಿ, ಸುಳ್ಳೆಂದು ತಿಳಿದು, ಅಲ್ಲಿಯೇ ಎರಡರಷ್ಟು ಒತ್ತುತ್ತಿದ್ದರು. ಮುಂದಿನ ವರ್ಷ ನಡೆಯುತ್ತೀಯ, ಮೆಟ್ಟಿಲು ಹತ್ತುತ್ತೀಯ, ನೆಲದ ಮೇಲೆ ಕೂತು ಉಣ್ಣುತ್ತೀಯ ಎಂದು ಎಷ್ಟೋ ಬಗೆಯಲ್ಲಿ ಹೇಳಿದರು. ನನಗೆ ಒಂದೂ ನಾಟಲಿಲ್ಲ. ನೋವು ಈಗಲೇ, ಇಲ್ಲೇ, ದಿನಾ ಬೆಳಿಗ್ಗೆ. ಫಲವೋ ಮುಂದಿನ ವರ್ಷ, ಅದೂ ಬಂದರೆ ಬಂತು, ಬರದಿದ್ದರೆ ಇಲ್ಲ. ಇಂಥ ವ್ಯಾಪಾರಕ್ಕೆ ಬುದ್ಧಿ ಇರುವ ಯಾರು ಒಪ್ಪುತ್ತಾರೆ? ಪಾತ್ರೆ ಅಂಗಡಿಯವನ ಮಗಳು ನಾನು, ಅಷ್ಟಾದರೂ ತಿಳಿಯುತ್ತಿತ್ತು.

ಅಪ್ಪನದು ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ. ಹೆಸರು ಮುಕುಂದಯ್ಯ. ಜೋರಾಗಿ ಮಾತಾಡಿದವನಲ್ಲ. ಸಾಲೋಮಿ ಮೇಡಂ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’, ‘ಆಗಲ್ಲ’, ‘ಬೇಡ’ ಅನ್ನುವುದನ್ನು ಕಂಡು ಅವನಿಗೆ ಗಾಬರಿಯಾಗುತ್ತಿತ್ತು. ನಮ್ಮ ಕಡೆಯವರ ಬಾಯಲ್ಲಿ ಆ ಮಾತುಗಳು ಬರುವುದಿಲ್ಲ. ಮದುವೆಗೆಂದು ಯಾರಾದರೂ ದೊಡ್ಡ ಕೊಳದಪ್ಪಲೆ ಕೇಳಲು ಬಂದರೆ, ಕೊಡಲು ಮನಸ್ಸಿಲ್ಲದಿದ್ದರೆ ಅಪ್ಪ ‘ಕಲಾಯಿಗೆ ಹೋಗಿದೆ, ಬಂದ ತಕ್ಷಣ ಹೇಳಿ ಕಳಿಸ್ತೀನಿ’ ಅನ್ನುತ್ತಿದ್ದ. ಕೇಳಿದವರು ಸರಿ ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ. ಆ ಕೊಳದಪ್ಪಲೆ ಅಟ್ಟದ ಮೇಲೆಯೇ ಬೋರಲಾಗಿ ಬಿದ್ದಿರುತ್ತಿತ್ತು, ಅದೂ ಬಂದವರಿಗೆ ಗೊತ್ತಿರುತ್ತಿತ್ತು. ಯಾರಿಗೂ ಮನಸ್ಸು ನೋಯಲಿಲ್ಲ, ಯಾರ ಮುಖವೂ ಕೆಡಲಿಲ್ಲ.

ಕನಕತ್ತೆ ಕಾಲು ನೋಡಲು ಬಂದದ್ದು ಆ ದಿನಗಳಲ್ಲೇ. ಒಂದು ಬುಟ್ಟಿ ಕಿತ್ತಳೆ ತಂದಿದ್ದರು. ನನ್ನ ಪಕ್ಕದಲ್ಲಿ ಕೂತು ತಲೆ ನೇವರಿಸಿದರು, ಮಂಡಿಯನ್ನು ಮುಟ್ಟಿ ನೋಡಿ ಕಣ್ಣೊರೆಸಿಕೊಂಡರು. ಊಟವಾದ ಮೇಲೆ ಅಪ್ಪ ಎಲೆಯಡಿಕೆ ತಟ್ಟೆ ಮುಂದಿಟ್ಟು, ಬಳಸಿ ಬಳಸಿ, ಮುಂದಿನ ಮಾತು ಹೇಗೆ ಎಂದು ಕೇಳಿದ. ನಾನು ಕಂಬದ ಆಚೆಗಿದ್ದೆ. ಮೇಡಂ ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತಾ ಅಲ್ಲೇ ನಿಂತಿದ್ದರು.

“ಹಸೆಮಣೆ ಮೇಲೆ ಕಾಲು ಮಡಚಿ ಕೂತ್ಕೊಳ್ಳೋ ಹಾಗಾಗ್ಲಿ, ಮುಕುಂದ,” ಎಂದರು ಅತ್ತೆ. “ಕೂತ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ಅಪ್ಪ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸಿದ. ಆಮೇಲೆ, “ಆಗ್ಲಿ ಅಕ್ಕ,” ಎಂದ.

ನನಗೆ ಹಿಗ್ಗಾಯಿತು. ಅತ್ತೆ ದಾರಿ ತೋರಿಸಿ ಹೋಗಿದ್ದರು! ಕುಂಟಿಯಾದರೂ ನನ್ನನ್ನು ಬಿಟ್ಟಿಲ್ಲ, ಒಂದೇ ಒಂದು ಕೆಲಸ ಹೇಳಿದ್ದಾರೆ, ಅದನ್ನು ಮಾಡಿದರೆ ಆಯಿತು. ಅಮ್ಮ ಸಂಜೆಯವರೆಗೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವಳಿಗೂ ಸಂತೋಷದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಆಸೆ ಇದ್ದವರ ಕಿವಿ ಎಷ್ಟು ಕೆಟ್ಟದ್ದು ಅನ್ನುವುದನ್ನು ನಾನು ಯಾರಿಂದಲೂ ಕಲಿಯಬೇಕಾಗಿಲ್ಲ.

ಮರುದಿನ ಮೇಡಂ ಬಂದವರು ಮುಂದಿನ ವರ್ಷದ ಸುದ್ದಿಯನ್ನೇ ಎತ್ತಲಿಲ್ಲ. ಪೇರಿಕೆಯ ಮೇಲಿನ ಮಣೆಯನ್ನು ತಟ್ಟಿ, “ಇದನ್ನ ಇವತ್ತು ತೆಗೆದ್ರೆ ನಿನ್ನ ಅತ್ತೆ ಮನೆಗೆ ಒಂದು ಹೆಜ್ಜೆ ಹತ್ರ ಆದೆ,” ಎಂದರು. “ತೆಗೀಲೋ ಬೇಡ್ವೋ?”

ತೆಗೆಯಿರಿ ಎಂದೆ. ಅವತ್ತು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಹಿಮ್ಮಡಿ ತಾಗಿತು. ಕಣ್ಣು ಕತ್ತಲೆಯಾಗಿ ಕಂಬಕ್ಕೆ ಒರಗಿದೆ, ಆದರೆ ತಾಗಿತ್ತು. ಮೇಡಂ ಆ ಮಣೆಯನ್ನು ತಾವೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲಿಗೆ ಒರಗಿಸಿಟ್ಟರು. ಅಮ್ಮ ಅದನ್ನು ನೋಡಿ ಮತ್ತೆ ಒರಳಿನ ಕಡೆ ತಿರುಗಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಆಗಿಂದಾಗ್ಗೆ ಲೆಕ್ಕ ತೀರತೊಡಗಿತು. ಬೆಳಗಿನ ಕಾಫಿಯ ಲೋಟವನ್ನು ಮೇಡಂ ನೆಲದ ಮೇಲೆ, ನನ್ನ ಹಿಮ್ಮಡಿ ಬಂದು ಮುಟ್ಟಬೇಕಾದ ಜಾಗದ ಪಕ್ಕದಲ್ಲೇ ಇಡಿಸುತ್ತಿದ್ದರು. ಹಿಮ್ಮಡಿ ಮುಟ್ಟಿದರೆ ಕಾಫಿ. ಇಲ್ಲದಿದ್ದರೆ ಅದು ಅಲ್ಲೇ ಕೆನೆ ಕಟ್ಟಿ ಆರುತ್ತಿತ್ತು, ಅಮ್ಮ ಅದನ್ನು ಬಚ್ಚಲಿಗೆ ಚೆಲ್ಲಬೇಕು. ಮತ್ತೊಂದು ಲೋಟ ಕೊಡುವಂತಿಲ್ಲ. ಹಠ ಮಾಡಿದ ದಿನ ತೆಗೆದ ಮಣೆಯನ್ನು ವಾಪಸು ತಂದು ಮೇಲಿಡುತ್ತಿದ್ದರು. ಅದು ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಅತ್ತೆಯ ಮನೆಯ ಬಾಗಿಲಿನಿಂದ ಕುತ್ತಿಗೆ ಹಿಡಿದು ಹಿಂದಕ್ಕೆ ದಬ್ಬಿದಷ್ಟು ಅವಮಾನವಾಗಿ ಅತ್ತುಬಿಡುತ್ತಿದ್ದೆ. ಅಪ್ಪ ಒಮ್ಮೆ, ಪಾಪ ಕಾಫಿಯಾದರೂ ಕೊಡಿ ಎಂದು ಅಂಗಲಾಚಿದ. ಮೇಡಂ ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾನೇ, ಬೇಡ ಅಪ್ಪ ಎಂದೆ. ಆ ಹೊತ್ತಿಗೆ ನಾನು ಅವರ ಕಡೆಯವಳಾಗಿದ್ದೆ. ಸಂಜೆ ಯಾರೂ ಹೇಳದೆ ಕೂತು ನನ್ನ ಕಾಲನ್ನು ನಾನೇ ಹಗ್ಗ ಹಾಕಿ ಎಳೆದುಕೊಳ್ಳುತ್ತಿದ್ದೆ. ಮಂಡಿ ಊದಿ ಹೊಳೆಯುತ್ತಿತ್ತು.

ಪೇರಿಕೆ ತಗ್ಗುತ್ತಾ ಬಂತು. ಅಡುಗೆಮನೆಯ ಬಾಗಿಲಿನ ಸಾಲು ಬೆಳೆಯುತ್ತಾ ಬಂತು. ನಡುವೆ ಒಂದು ದಿನ ಸೇತು ಭಾವ ಬಂದ. ಏನೋ ಕೆಲಸಕ್ಕೆ ಈ ಕಡೆ ಬಂದವನು ಹಾಗೇ ಒಂದು ಗಳಿಗೆ ನೋಡಿ ಹೋಗಲು ಬಂದೆನೆಂದ. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ತನ್ನ ಕಾಲಿನ ಉಂಗುಟವನ್ನೇ ನೋಡಿದ. ನಾನು ಎಷ್ಟು ಕೆಳಗೆ ಇಳಿದಿದ್ದೇನೆಂದು ತೋರಿಸಬೇಕೆಂದು, ಕೇಳದಿದ್ದರೂ, ಅವನ ಮುಂದೆಯೇ ಪೇರಿಕೆಯ ಮೇಲೆ ಕೂತು ಹಿಮ್ಮಡಿಯನ್ನು ಬುಡಕ್ಕೆ ತಾಗಿಸಿದೆ. ಬೆವರು ಹಣೆಯಿಂದ ಕಣ್ಣಿಗೆ ಇಳಿಯಿತು. ನಾನು ನಗುತ್ತಿದ್ದೆ.

“ಅಷ್ಟೊಂದು ಕಷ್ಟಪಡಬೇಡ ಕಣೇ,” ಎಂದ ಅವನು. ದನಿ ಸಣ್ಣಗಾಗಿತ್ತು. “ನಿಜವಾಗ್ಲೂ ಹೇಳ್ತಿದೀನಿ. ಬೇಡ.”

ಆ ಮಾತಿನ ಮೇಲೆ ನಾನು ವಾರಗಟ್ಟಲೆ ಬದುಕಿದೆ. ಎಂಥ ಮೃದು ಮನಸ್ಸು, ನನ್ನ ನೋವನ್ನು ನೋಡಲಾರ ಎಂದುಕೊಂಡು ಇನ್ನಷ್ಟು ಎಳೆದುಕೊಂಡೆ. ಅವನು ನನಗೆ ಎಚ್ಚರಿಕೆ ಹೇಳಲು ಬಂದಿದ್ದ, ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಆ ಮನೆಯ ಮಗನಿಗೆ ಇರಲಿಲ್ಲ.

ಕೊನೆಯ ಕೆಲವು ಮಣೆಗಳು ಉಳಿದಾಗ ಒಂದು ಬೆಳಿಗ್ಗೆ ಒರಳಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಹಿಂದಿನ ದಿನ ಅತ್ತೆಯ ಊರಿನ ಕಡೆಯ ನೆಂಟರೊಬ್ಬರು ಬಂದು ಹೋಗಿದ್ದರು. ಅಮ್ಮ ಹಿಟ್ಟಿನ ಕೈಯಲ್ಲೇ ನಡುಮನೆಗೆ ಬಂದು, ಇನ್ನು ಸಾಕು ಬಿಡಿ ಮೇಡಂ, ಮಗುವಿನ ಕೈಲಿ ಆಗುತ್ತಿಲ್ಲ ಎಂದಳು. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ದಿನ ತಡೆದುಕೊಂಡವಳಿಗೆ ಈಗೇನು ಬಂತು ರೋಗ? ಮೇಡಂ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಏನು ಮಾತಾಡಿದರೋ ಕೇಳಲಿಲ್ಲ. ಅಮ್ಮ ಮುಖ ತೊಳೆದುಕೊಂಡು ಬಂದು ಒರಳಿನ ಮುಂದೆ ಕೂತಳು. ಕಲ್ಲು ಮತ್ತೆ ತಿರುಗಿತು. ನನ್ನ ಮುಂದೆ ಕೂತ ಮೇಡಂ, ಇನ್ನು ಸ್ವಲ್ಪವೇ ಉಳಿದಿದೆ, ಈಗ ಬಿಡಬಾರದು ಎಂದರು. ನಾನೆಲ್ಲಿ ಬಿಡುತ್ತೇನೆ ಎಂದೆ.

ಕಡೆಯ ಮಣೆಯನ್ನು ತೆಗೆದ ದಿನ ನಾನು ಬರಿಯ ನೆಲದ ಮೇಲೆ, ಎರಡೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿ ಪೂರ್ತಿ ನೆಲಕ್ಕೆ ತಾಗಲಿಲ್ಲ, ಒಂದು ಅಂಗೈಯಷ್ಟು ಮೇಲಿತ್ತು, ಆದರೂ ಕೂತೆ. ಸಾಲೋಮಿ ಮೇಡಂ ಎಂದೂ ನಗದವರು ಅವತ್ತು ನಕ್ಕು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. ಅತ್ತೆಗೆ ಹೇಳಿ ಕಳಿಸಿ ಎಂದು ಅಪ್ಪನ ಬೆನ್ನು ಹತ್ತಿದೆ. ಅಪ್ಪ, ಅವರೇ ಬರುತ್ತಿದ್ದಾರೆ ಎಂದ. ನನಗೆ ಇನ್ನೇನು ಬೇಕಾಗಿತ್ತು? ಅಷ್ಟೂ ಮಣೆಗಳನ್ನು ಸೀಗೆಪುಡಿ ಹಾಕಿ ನಾನೇ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ.

ಕನಕತ್ತೆ ಬಂದದ್ದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಜರಿಯ ಸೀರೆ ಉಟ್ಟಿದ್ದರು, ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ, ಹಿಂದೆ ಅವರ ಓರಗಿತ್ತಿ ತೆಂಗಿನಕಾಯಿಯ ಚೀಲ ಹಿಡಿದು ಬಂದರು. ನಾನು ಏನನ್ನೂ ನೋಡಲಿಲ್ಲ. ಬಾಗಿಲು ದಾಟಿ ಅವರು ನಡುಮನೆಗೆ ಬಂದ ಕೂಡಲೇ ಕಂಬ ಹಿಡಿದು ನಿಂತವಳು ಕೈಬಿಟ್ಟು, ಅವರ ಎದುರಿಗೇ ಇಳಿದು, ಕಾಲು ಮಡಚಿ ನೆಲದ ಮೇಲೆ ಕೂತೆ. ನೋವಿಗೆ ಕಣ್ಣಲ್ಲಿ ನೀರು ಬಂತು. ತಲೆ ಎತ್ತಿ ಅವರ ಮುಖ ನೋಡಿದೆ.

ಅತ್ತೆ ಭರಣಿ ಹಿಡಿದುಕೊಂಡು ನಿಂತೇ ಇದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಗೋಡೆಯ ಕಡೆ ನೋಡುತ್ತಿದ್ದ.

“ಹಬ್ಬಕ್ಕೆ ನಮ್ಮನೆಗೆ ಬಂದಾಗ ಕಾಲು ಹಾಗೇ ಇದೆ ಅಂದ್ಯಲ್ಲೋ, ಮುಕುಂದ,” ಎಂದರು ಅತ್ತೆ.

ಅಪ್ಪ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಡಿಸತೊಡಗಿದ.

“ಒಂದು ಮಾತು ಹೇಳಿದ್ದಿದ್ರೆ ಕಾಯ್ತಿದ್ನಲ್ಲೋ. ಹೋದ ತಿಂಗಳು ನಿಶ್ಚಯ ಮಾಡ್ಕೊಂಡ್ಬಿಟ್ವಿ.”

ಆಮೇಲೆ ಅವರು ಬಗ್ಗಿದರು. ನಾನು ನೆಲದ ಮೇಲಿದ್ದೆನಲ್ಲ, ಬಗ್ಗಲೇಬೇಕಾಯಿತು. ನನ್ನ ಹಣೆಗೆ ಕುಂಕುಮ ಇಟ್ಟರು, ಮಡಿಲಿಗೆ ತೆಂಗಿನಕಾಯಿ ಹಾಕಿದರು, ಸೇತು ಭಾವನ ಮದುವೆಯ ಕರೆಯೋಲೆಯನ್ನು ಅದರ ಮೇಲಿಟ್ಟರು. ಎರಡು ದಿನ ಮುಂಚಿತವಾಗಿಯೇ ಬರಬೇಕು, ನೀನಿಲ್ಲದೆ ನಡೆಯುವುದಿಲ್ಲ ಎಂದರು. ನನಗೆ ಏಳಲು ಆಗಲಿಲ್ಲ. ಕೂರುವುದನ್ನಷ್ಟೇ ಕಲಿತಿದ್ದೆ, ಹಿಡಿದುಕೊಳ್ಳದೆ ಏಳುವುದನ್ನು ಇನ್ನೂ ಕಲಿತಿರಲಿಲ್ಲ. ಅವರು ತಿಂಡಿ ತಿಂದು, ಕಾಫಿ ಕುಡಿದು, ತಾಂಬೂಲ ತೆಗೆದುಕೊಂಡು ಹೋಗುವವರೆಗೂ ನಾನು ಆ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ.

ಅಮ್ಮ ಅವತ್ತು ಮಧ್ಯಾಹ್ನ ಎಲ್ಲವನ್ನೂ ಹೇಳಿದಳು. ಹಸೆಮಣೆಯ ಮೇಲೆ ಕೂರುವಂತಾಗಲಿ ಎಂದು ಅತ್ತೆ ಮೊದಲ ದಿನ ಹೇಳಿದ್ದೇ ಆಗುವುದಿಲ್ಲ ಎಂಬ ಮಾತು. ಡಾಕ್ಟರು ಏನೆಂದಿದ್ದಾರೆಂದು ವಿಚಾರಿಸಿಕೊಂಡೇ ಬಂದಿದ್ದರಂತೆ. ತಮ್ಮನ ಮುಖಕ್ಕೆ ‘ಬೇಡ’ ಅನ್ನಲಾರದೆ ಆಗದ ಕೆಲಸವೊಂದನ್ನು ಮುಂದಿಟ್ಟು ಎದ್ದುಹೋಗಿದ್ದರು. ಅಪ್ಪನಿಗೆ ಆಗಲೇ ತಿಳಿಯಿತು, ಅಮ್ಮನಿಗೆ ಒಳಗಿದ್ದೇ ತಿಳಿಯಿತು. ತಿಳಿಯದಿದ್ದವರು ಇಬ್ಬರೇ: ನಾನು, ಮತ್ತೆ ಹೊರಗಿನವರಾದ ಮೇಡಂ. ಅವರು ಅದನ್ನು ನಿಜವಾದ ಮಾತೆಂದೇ ತಿಳಿದು ನನ್ನ ಮೇಲೆ ಪ್ರಯೋಗಿಸಿದರು. ಆಮೇಲೆ ಅಪ್ಪ ವಿಷಯ ಬಿಡಿಸಿ ಹೇಳಿದಾಗ, ಮಂಡಿ ಬಗ್ಗುತ್ತಿದೆ, ಈಗ ಇವಳಿಗೆ ಹೇಳಿದರೆ ಅಲ್ಲಿಗೇ ನಿಲ್ಲುತ್ತದೆ, ಸುಮ್ಮನಿರಿ ಎಂದರಂತೆ. ಅಪ್ಪ ಸುಮ್ಮನಾದ. ಕಾಲಿನ ಸುದ್ದಿಯನ್ನು ಅಕ್ಕನಿಗೂ ಹೇಳಲಿಲ್ಲ. ಹೇಳಿದರೆ ಅಕ್ಕ ಬಾಯಿಬಿಟ್ಟು ‘ಇಲ್ಲ’ ಅನ್ನಬೇಕಾಗುತ್ತದೆ, ಅದು ನನ್ನ ಕಿವಿಗೂ ಬೀಳುತ್ತದೆ, ಕಾಲು ಅಲ್ಲಿಗೇ ನಿಂತುಬಿಡುತ್ತದೆ. ನಿಶ್ಚಯದ ಸುದ್ದಿ ಬಂದ ಮೇಲೂ ಇವರು ಮೂವರು ಸೇರಿ ನನ್ನಿಂದ ಉಳಿದ ಮಣೆಗಳನ್ನು ಇಳಿಸಿದರು.

“ನಿನ್ನ ಒಳ್ಳೇದಕ್ಕೇ ಅಲ್ವೇನೇ,” ಎಂದಳು ಅಮ್ಮ.

ಕಾಯುತ್ತಿದ್ದೆ ಎಂದು ಅತ್ತೆ ಹೇಳಿದ ಮಾತು ನಿಜವೇ ಎಂದು ನಾನು ಎಷ್ಟು ವರ್ಷ ಯೋಚಿಸಿದ್ದೇನೋ. ಕಾಲು ಬಗ್ಗುತ್ತಿದೆ ಎಂದು ಅಪ್ಪ ಹಬ್ಬದ ದಿನ ಬಾಯಿಬಿಟ್ಟಿದ್ದರೆ ಅವರು ನಿಜವಾಗಿಯೂ ಕಾಯುತ್ತಿದ್ದರೇ? ಅಥವಾ ಅದೂ ನಮ್ಮ ಕಡೆಯವರ ಇನ್ನೊಂದು ಮರ್ಯಾದೆಯ ಮಾತೇ, ಕಲಾಯಿಗೆ ಹೋದ ಪಾತ್ರೆಯ ಹಾಗೆ? ಕೇಳಿದ್ದರೆ ಆಣೆ ಹಾಕಿ ಹೇಳುತ್ತಿದ್ದರು, ಆಣೆಯನ್ನು ನಾನು ನಂಬುತ್ತಿರಲಿಲ್ಲ. ಅಪ್ಪನ ಮೇಲೆ ಉಳಿದ ಸಿಟ್ಟು ಇದೇ. ಅವನು ಸುಳ್ಳು ಹೇಳಿದ್ದನ್ನು ಕ್ಷಮಿಸಬಹುದಿತ್ತು. ಸುಳ್ಳು ಕೆಡಬಾರದೆಂದು, ನಿಜವಾಗಬಹುದಾಗಿದ್ದ ಮಾತನ್ನು ಕೇಳಿಯೂ ನೋಡಲಿಲ್ಲವಲ್ಲ, ಅದನ್ನು ಹೇಗೆ ಕ್ಷಮಿಸಲಿ?

ಮರುದಿನ ಮೇಡಂ ಎಂದಿನ ಹೊತ್ತಿಗೆ ಬಂದರು. ಮಣೆಗಳೆಲ್ಲ ಗೋಡೆಗೆ ಒರಗಿದ್ದವು. ಚಾಪೆ ಹಾಸಿ, ಬಾ ಕೂತ್ಕೋ ಎಂದರು. ನಾನು ಕುರ್ಚಿಯಿಂದ ಏಳಲಿಲ್ಲ. ಅವರು ತಪ್ಪಿಸಿಕೊಳ್ಳುವ ಮಾತಾಡಲಿಲ್ಲ, ಅದನ್ನು ಒಪ್ಪಲೇಬೇಕು.

“ಸುಳ್ಳು ಹೇಳಿದ್ದು ಹೌದು,” ಎಂದರು. “ನಿಜ ಹೇಳಿದ್ರೆ ನೀನು ಮಾಡ್ತಿದ್ಯಾ?”

ಮಾಡುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ನನಗೆ ಅವರನ್ನು ಹರಿದು ತಿನ್ನುವಷ್ಟು ಕೋಪ ಬಂದದ್ದು.

ಈಗ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಬಿಗಿದುಕೊಳ್ಳುತ್ತದೆ, ಈ ಸಲ ಬಿಗಿದರೆ ಬಿಡಿಸಲು ಯಾರಿಂದಲೂ ಆಗುವುದಿಲ್ಲ, ಇನ್ನೊಂದು ವರ್ಷ ದಿನಾ ಮಾಡಿದರೆ ಜೀವನ ಪೂರ್ತಿ ನಿನ್ನದು ಎಂದು ವಿವರಿಸಿದರು. ಬಹಳ ಮೆತ್ತಗೆ ಹೇಳಿದರು. ಅಷ್ಟು ಮೆತ್ತಗೆ ಅವರು ಮಾತಾಡಬಲ್ಲರೆಂದು ಅವತ್ತೇ ಗೊತ್ತಾದದ್ದು.

“ಮುಂದೆ ಒಂದು ದಿನ ಬೇಕಾಗುತ್ತೆ ಕಣಮ್ಮ,” ಎಂದರು.

“ಯಾವ ದಿನ?”

“ಅದು ನನಗೇನು ಗೊತ್ತು?”

“ಗೊತ್ತಾದಾಗ ಹೇಳಿ ಕಳಿಸಿ,” ಎಂದೆ. “ಅವತ್ತು ಮಡಚ್ತೀನಿ.”

ಅವರು ಚಾಪೆ ಸುತ್ತಿ ಗೋಡೆಗೆ ಒರಗಿಸಿ ಹೋದರು. ಇನ್ನೂ ಕೆಲವು ದಿನ ಬಂದು ಬಾಗಿಲಲ್ಲಿ ನಿಂತು ಹೋದರು, ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅಪ್ಪ ಅಮ್ಮ ನನ್ನನ್ನು ಒಲಿಸಲು ಮಾಡದ ಉಪಾಯವಿಲ್ಲ. ಇನ್ನೊಂದು ಸಂಬಂಧ ಬಂದಿದೆ ಎಂದರು. ನಾನು ನಕ್ಕೆ. ಆ ಮನೆಯಲ್ಲಿ ಇನ್ನು ಯಾರು ಏನು ಹೇಳಿದರೂ ಅದರ ಹಿಂದೆ ನನ್ನ ಮಂಡಿಗೆ ಕಟ್ಟಿದ ಹಗ್ಗವೊಂದು ಕಾಣುತ್ತಿತ್ತು. ಒಂದು ಸಂಬಂಧ ನಿಜವಾಗಿಯೂ ಬಂದಿತ್ತೆಂದು ಬಹಳ ತಡವಾಗಿ ತಿಳಿಯಿತು.

ಮದುವೆಗೆ ಹೋದೆವು. ಹೋಗದಿದ್ದರೆ ಏನೆಂದುಕೊಳ್ಳುತ್ತಾರೆ ಎಂದ ಅಪ್ಪ. ಕಾಲು ಆಗ ಇನ್ನೂ ಬಗ್ಗುತ್ತಿತ್ತು. ಎಲ್ಲರೂ ಚಾಪೆಯ ಮೇಲೆ ಕೂತಾಗ ನಾನು ಕುರ್ಚಿ ಕೇಳಿ ಹಾಕಿಸಿಕೊಂಡು, ಕಾಲನ್ನು ಉದ್ದಕ್ಕೆ ಚಾಚಿ ಕೂತೆ. ಧಾರೆಯಾಗುವಾಗ ಸೇತು ಭಾವ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಹೆಂಗಸರು ಲೊಚಗುಟ್ಟಿದರು. ಪಾಪ, ಇನ್ನೂ ಹಾಗೇ ಇದೆ, ಕನಕಮ್ಮ ತಾನೆ ಏನು ಮಾಡಿಯಾಳು ಎಂದರು. ಅತ್ತೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಯಾರೂ ಕೊಟ್ಟಿರಲಾರರು. ಅದನ್ನು ಕೊಡಬೇಕೆಂದು ನಾನು ಕೊಟ್ಟದ್ದಲ್ಲ.

ಮೇಡಂ ಹೇಳಿದ್ದು ಒಂದಕ್ಷರ ತಪ್ಪಲಿಲ್ಲ. ಮಂಡಿ ಬಿಗಿಯುತ್ತಾ ಬಂದು ಒಂದು ದಿನ ಪೂರ್ತಿ ನಿಂತುಹೋಯಿತು. ನಾನು ಅಪ್ಪನ ಅಂಗಡಿಗೆ ಹೋಗಲು ಶುರುಮಾಡಿದೆ. ಎತ್ತರದ ಸ್ಟೂಲಿನ ಮೇಲೆ ಕೂತು, ಕಾಲನ್ನು ಒಂದು ಪೆಟ್ಟಿಗೆಯ ಮೇಲೆ ಚಾಚಿ ವ್ಯಾಪಾರ ಮಾಡುತ್ತಿದ್ದೆ. ಗಿರಾಕಿಗಳಿಗೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಬಾಯಿ ಜೋರು ಎಂದು ಹೆಸರಾಯಿತು, ಅಂಗಡಿಯೂ ಬೆಳೆಯಿತು. ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದ. ನಾವು ಹಂಡೆ, ತಪ್ಪಲೆ, ಚೊಂಬಿನ ಬಗ್ಗೆ ದಿನವಿಡೀ ಮಾತಾಡುತ್ತಿದ್ದೆವು. ಕಾಲಿನ ಮಾತನ್ನು ಅವನು ಮತ್ತೆ ಎಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನು ಹಾಸಿಗೆ ಹಿಡಿದದ್ದು ಬಹಳ ವರ್ಷಗಳ ಮೇಲೆ. ಒಂದು ಮಧ್ಯಾಹ್ನ ಉಸಿರು ಮೇಲಕ್ಕೆ ಹತ್ತಿತು. ಮನೆಗೆ ಬಂದ ಹಿರಿಯರು ಇನ್ನು ಮಂಚದ ಮೇಲೆ ಬೇಡವೆಂದು ನಡುಮನೆಯಲ್ಲಿ ಚಾಪೆ ಹಾಸಿ ನೆಲಕ್ಕಿಳಿಸಿದರು. ಅಂಗಡಿಗೆ ಆಳು ಬಂದು ಕರೆದ. ನಾನು ಬರುವ ಹೊತ್ತಿಗೆ ಅಮ್ಮ ತಲೆಯ ಹತ್ತಿರ ಕೂತಿದ್ದಳು, ನೆಂಟರು ಸುತ್ತ ಕೂತಿದ್ದರು. ಅಪ್ಪನ ಕಣ್ಣು ಬಾಗಿಲಲ್ಲೇ ಇತ್ತು. ನನ್ನನ್ನು ನೋಡಿ ಅವನ ಕೈ ಚಾಪೆಯ ಮೇಲೆ ಮೆಲ್ಲನೆ ಒಮ್ಮೆ ತಟ್ಟಿತು.

“ಬಾ,” ಎಂದ. “ಕೂತ್ಕೋ.”

ಅಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಗೋಡೆ ಹಿಡಿದು ಇಳಿಯಲು ನೋಡಿದೆ. ಒಂದು ಕಾಲು ಬಗ್ಗಿತು, ಇನ್ನೊಂದು ಬಗ್ಗಲಿಲ್ಲ. ಮತ್ತೊಮ್ಮೆ ನೋಡಿದೆ. ಇಷ್ಟು ವರ್ಷ ಬೇಡವೆಂದುಕೊಂಡ ನೆಲ ಅವತ್ತು ಬಾವಿಯಷ್ಟು ಆಳದಲ್ಲಿತ್ತು.

“ಆಗಲ್ಲ ಅಪ್ಪ,” ಎಂದೆ.

ಯಾರೋ ಓಡಿಹೋಗಿ ಕುರ್ಚಿ ತಂದರು. ಕೂತರೆ ಚಾಚಿದ ಕಾಲಿನ ಪಾದ ನೇರವಾಗಿ ಅವನ ಮುಖಕ್ಕೆ ಬರುತ್ತಿತ್ತು. ಸಾಯುತ್ತಿರುವ ತಂದೆಗೆ ಕಾಲು ತೋರಿಸಿ ಕೂರುವುದು ಹೇಗೆ? ಕುರ್ಚಿಯನ್ನು ಆ ಕಡೆ ಈ ಕಡೆ ಮಾಡಿ ನೋಡಿದರು. ಎಲ್ಲಿ ಹಾಕಿದರೂ ಪಾದ ಅವನನ್ನೋ, ಅಮ್ಮನನ್ನೋ, ಇನ್ನೊಬ್ಬ ಹಿರಿಯರನ್ನೋ ಮುಟ್ಟುವಂತಿತ್ತು. ಕೊನೆಗೆ ಪೂರ್ತಿ ತಿರುಗಿಸಿ, ಬೀದಿಬಾಗಿಲಿಗೆ ಮುಖ ಮಾಡಿ ಹಾಕಿದರು. ನಾನು ಅವನಿಗೆ ಬೆನ್ನು ಹಾಕಿ ಕೂತೆ.

ಕೈಯನ್ನು ಹಿಂದಕ್ಕೆ ಚಾಚಿ, ಕೆಳಗೆ ಇಳಿಬಿಟ್ಟೆ. ಯಾರೋ ಅವನ ಕೈಯನ್ನು ಎತ್ತಿ ನನ್ನ ಬೆರಳಿಗೆ ತಾಗಿಸಿದರು. ಅವನು ಹಿಡಿದುಕೊಂಡ. ಹಿಂದೆ ಅಮ್ಮ ಅವನ ಬಾಯಿಗೆ ಉದ್ಧರಣೆಯಲ್ಲಿ ನೀರು ಬಿಡುತ್ತಿದ್ದ ಸದ್ದು ಕೇಳುತ್ತಿತ್ತು. ನನ್ನ ಕಣ್ಣ ಮುಂದೆ ತೆರೆದ ಬಾಗಿಲು, ಅದರಾಚೆ ಬಿಸಿಲು ಬಿದ್ದ ಬೀದಿ. ಒಬ್ಬ ಹೆಂಗಸು ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದವಳು ಒಳಗೆ ಇಣುಕಿ ನೋಡಿ, ಕೂಗುವುದನ್ನು ನಿಲ್ಲಿಸಿ, ಮುಂದಕ್ಕೆ ನಡೆದಳು. ಅವಳು ಪಕ್ಕದ ಮನೆ ದಾಟುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.